ನಿಮಗಿದು ಗೊತ್ತೇ? ಗುಜರಿ ಕಬ್ಬಿಣಕ್ಕೂ ಜಾತಕ ಬರೆಯುತ್ತೆ ಕಂಪ್ಯೂಟರ್!

ಹಂಪಿ ಬಜಾರಿಗೆ ಹೋದವರೆಲ್ಲ ಕಲ್ಲು ನೋಡಿಕೊಂಡು ಬರುತ್ತಾರೆ. ಈ ಸಲ ನಾವು ಕಬ್ಬಿಣ ನೋಡೋಣ, ಬನ್ನಿ. ಅದೂ ಹೊಸ ಕಬ್ಬಿಣವಲ್ಲ, ಗುಜರಿ! ಮುರಿದ ಸೈಕಲ್ಲು, ಸವೆದ ನೇಗಿಲ ಕುಳ, ಕೆಟ್ಟ ಪಂಪ್‌ಸೆಟ್ಟು. ಇವು ಕುಲುಮೆಗೆ ಬಿದ್ದು ಮತ್ತೆ ಹೊಸ ವಸ್ತುವಾಗಿ ಎದ್ದು ಬರುವ ದಾರಿಯಲ್ಲಿ ಈಗ ಹೆಜ್ಜೆಗೊಂದು ಕಂಪ್ಯೂಟರ್ ಕಾದು ಕೂತಿದೆ. ನಂಬಲ್ವಾ? ಓದಿ.

ಮೊದಲು ಒಂದು ಹಳೇ ಸುದ್ದಿ. ವಿಜಯನಗರದ ಸುತ್ತಲಿನ ಹೊಲ, ಗುಡ್ಡಗಳನ್ನು ಕಾಲ್ನಡಿಗೆಯಲ್ಲೇ ಜಾಲಾಡಿದ ಪುರಾತತ್ವಜ್ಞರಿದ್ದಾರೆ. ಕಾರ್ಲಾ ಸಿನೋಪೊಲಿ, ಕ್ಯಾಥ್ಲೀನ್ ಮಾರಿಸನ್ ಅಂತ ಅವರ ಹೆಸರು. ದೇಗುಲ, ಕೋಟೆ, ಕೆರೆಗಳ ಜೊತೆಗೆ ಅವರಿಗೆ ಇನ್ನೇನು ಸಿಕ್ಕಿತು ಗೊತ್ತೇ? ಕಬ್ಬಿಣದ ಕಿಟ್ಟ! ಅಂದರೆ ಕುಲುಮೆಯಲ್ಲಿ ಉಳಿದ ಕಸ. ಅರಸರ ಕಾಲದಲ್ಲೂ ಇಲ್ಲಿ ಕಬ್ಬಿಣದ ಕೆಲಸ ಜೋರಾಗಿತ್ತು ಅನ್ನೋದಕ್ಕೆ ಕಸವೇ ಸಾಕ್ಷಿ.

ಒಂದು ಟನ್ ಗುಜರಿ ಕರಗಿಸಿದರೆ ಏನು ಉಳಿಯುತ್ತೆ? ಕೇಂದ್ರ ಸರ್ಕಾರದ 2019ರ ಉಕ್ಕಿನ ಗುಜರಿ ನೀತಿಯಲ್ಲೇ ಲೆಕ್ಕ ಇದೆ. 1.1 ಟನ್ ಅದಿರು, 630 ಕಿಲೋ ಕೋಕಿಂಗ್ ಕಲ್ಲಿದ್ದಲು, 55 ಕಿಲೋ ಸುಣ್ಣದಕಲ್ಲು! ಅಂದರೆ ನಿಮ್ಮೂರ ಗುಜರಿ ಅಂಗಡಿಯವನು ಒಂದು ಟನ್ ತೂಗಿ ಲಾರಿಗೆ ಹಾಕಿದಾಗೆಲ್ಲ ಸಂಡೂರಿನ ಗುಡ್ಡದಲ್ಲಿ ಒಂದು ಟನ್ನಿಗೂ ಹೆಚ್ಚು ಅದಿರು ಹಾಗೇ ಉಳಿಯಿತು ಅನ್ನಿ. ಅವನಿಗೆ ಯಾರೂ ಶಾಲು ಹೊದಿಸಿಲ್ಲ, ಅದು ಬೇರೆ ಮಾತು.

ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆ ಗೊತ್ತಲ್ಲ? ಅಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುತ್ತೇವೆ ಅಂತ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದು 1971ರಲ್ಲಿ. ಕುಲುಮೆ ಉರಿದದ್ದು 1990ರ ದಶಕದಲ್ಲಿ, ಅದೂ ಜಿಂದಾಲ್ ಹೆಸರಿನಲ್ಲಿ! ಕಲ್ಲಿಗೂ ಕುಲುಮೆಗೂ ನಡುವೆ ಎರಡು ದಶಕಕ್ಕೂ ಮಿಕ್ಕಿದ ಅಂತರ.

ಇಂಥ ಕಾರ್ಖಾನೆಗಳ ಕನ್ವರ್ಟರಿನಲ್ಲಿ, ಅಂದರೆ ಉಕ್ಕು ಮಾಡುವ ಪಾತ್ರೆಯಲ್ಲಿ, ಗುಜರಿಯನ್ನು ಯಾಕೆ ಹಾಕುತ್ತಾರೆ ಹೇಳಿ ನೋಡೋಣ. ತಣ್ಣಗಾಗಲಿ ಅಂತ! ಹೌದು, ಕರಗಿದ ಕಬ್ಬಿಣದ ಮೇಲೆ ಆಮ್ಲಜನಕ ಊದಿದರೆ ಒಳಗಿನ ಇಂಗಾಲ, ಸಿಲಿಕಾನ್ ಉರಿದು ಬಿಸಿ ಮಿತಿಮೀರುತ್ತೆ. ಆಗ ಗುಜರಿಯೇ ಅದಕ್ಕೆ ತಂಪು. ಎಷ್ಟು ಗುಜರಿ, ಎಷ್ಟು ಊದು ಅನ್ನೋದನ್ನು ಊದುವ ಮೊದಲೇ ಕಂಪ್ಯೂಟರ್ ಲೆಕ್ಕ ಹಾಕಿ ಇಟ್ಟಿರುತ್ತೆ.

ಸಂಡೂರಿನ ಗಣಿಯಿಂದ ತೋರಣಗಲ್ಲಿನ ಆ ಕಾರ್ಖಾನೆಗೆ 20 ಕಿಲೋಮೀಟರಿಗಿಂತ ಉದ್ದದ ಕೊಳವೆ ಕನ್ವೇಯರ್ ಇದೆ. ಅದರ ಬೆಲ್ಟು ಚಪ್ಪಟೆಯಾಗಿ ಅದಿರು ತುಂಬಿಸಿಕೊಂಡು, ಆಮೇಲೆ ತಾನೇ ಸುತ್ತಿಕೊಂಡು ಕೊಳವೆಯಾಗಿ ಬಿಡುತ್ತೆ. ಧೂಳು ಹೊರಗೆ ಹಾರುವುದಿಲ್ಲ!

ಇನ್ನೊಂದು ತಮಾಷೆ ಕೇಳಿ. 1964ರಲ್ಲಿ ಗುಜರಿ ವ್ಯಾಪಾರ ನೋಡಿಕೊಳ್ಳಲಿ ಅಂತ ಒಂದು ಸಂಸ್ಥೆ ಹುಟ್ಟಿತು. ಹೆಸರು ಮೆಟಲ್ ಸ್ಕ್ರ್ಯಾಪ್ ಟ್ರೇಡ್ ಕಾರ್ಪೊರೇಷನ್, ಚುಟುಕಾಗಿ ಎಂಎಸ್‌ಟಿಸಿ. 2011ರಲ್ಲಿ ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿ, ಅದಿರನ್ನು ಇ-ಹರಾಜಿನಲ್ಲೇ ಮಾರಬೇಕು ಎಂದಿತು. ಆ ಹರಾಜನ್ನು ಕಂಪ್ಯೂಟರ್ ಪರದೆಯ ಮೇಲೆ ಕೂಗಿದ್ದು ಯಾರು? ಅದೇ ಗುಜರಿ ಸಂಸ್ಥೆ! ಇ-ಹರಾಜಿನ ಆ ಕಟ್ಟು ಸಡಿಲವಾಗಿದ್ದು 2022ರಲ್ಲಿ.

ಹೊಸಪೇಟೆಯಿಂದ ಹೊಳೆ ದಾಟಿ ಕೊಪ್ಪಳದ ಕಡೆ ಹೋದರೆ ಬೇವಿನಹಳ್ಳಿ. ಅಲ್ಲಿ ಕಿರ್ಲೋಸ್ಕರ್ ಫೆರಸ್‌ನ ಊದುಕುಲುಮೆಯೂ ಎರಕದ ಮನೆಯೂ ಒಂದೇ ಆವರಣದಲ್ಲಿವೆ. ಹೊಲದಲ್ಲಿ ಟ್ರ್ಯಾಕ್ಟರ್ ಗುಡುಗುಡು ಅಂದಾಗ, ಆ ಇಂಜಿನ್ನಿನ ಬೀಡು ಕಬ್ಬಿಣದ ಮೈ ಪಕ್ಕದ ತಾಲ್ಲೂಕಿನದೇ ಆಗಿದ್ದರೂ ಆಶ್ಚರ್ಯವಿಲ್ಲ!

ಈಗ ಜೇಬಿಗೆ ಕೈ ಹಾಕಿ. 50 ರೂಪಾಯಿ ನೋಟಿನ ಹಿಂದೆ ಹಂಪಿಯ ಕಲ್ಲಿನ ತೇರು ಇರೋದು ಎಲ್ಲರಿಗೂ ಗೊತ್ತು. ಒಂದು ರೂಪಾಯಿ ನಾಣ್ಯ ತೆಗೆಯಿರಿ. ಅದು ಸ್ಟೇನ್‌ಲೆಸ್ ಸ್ಟೀಲು. ಸ್ಟೇನ್‌ಲೆಸ್ಸಿಗೆ ಅಯಸ್ಕಾಂತ ಅಂಟಲ್ಲ ಅಂತೀರಾ? ಅಂಟಿಸಿ ನೋಡಿ. ಟಕ್ ಅಂತ ಅಂಟುತ್ತೆ! ನಿಕ್ಕಲ್ ಇಲ್ಲದ, ಬರೀ ಕಬ್ಬಿಣ-ಕ್ರೋಮಿಯಂ ಸ್ಟೇನ್‌ಲೆಸ್ ಅದು. ಮನೆಯ ಪಾತ್ರೆಗಳಲ್ಲಿ ಕೆಲವು ಅಂಟುತ್ತವೆ, ಕೆಲವು ಅಂಟುವುದಿಲ್ಲ. ಅಯಸ್ಕಾಂತ ಒಂದನ್ನೇ ನಂಬಿಕೊಂಡ ಗುಜರಿಯವನು ಮೋಸ ಹೋಗುವುದು ಇಲ್ಲೇ.

ಅಲ್ಯುಮಿನಿಯಂಗೆ ಅಯಸ್ಕಾಂತ ಅಂಟೋದೇ ಇಲ್ಲ. ಆದರೂ ಅಯಸ್ಕಾಂತದಿಂದಲೇ ಅದನ್ನು ಆರಿಸುತ್ತಾರೆ! ಹೇಗೆ? ಅಯಸ್ಕಾಂತವನ್ನು ಗಿರಗಿರ ತಿರುಗಿಸಿದರೆ ಅಲ್ಯುಮಿನಿಯಂ ಒಳಗೆ ಸುಳಿ ವಿದ್ಯುತ್ ಹುಟ್ಟುತ್ತೆ. ತುಂಡು ಬೆಲ್ಟಿನಿಂದ ತಾನಾಗಿಯೇ ಎಗರಿ ಆಚೆ ಬೀಳುತ್ತೆ. ಯಾರೂ ಮುಟ್ಟಬೇಕಿಲ್ಲ.

ಸಿನಿಮಾದ ಪಿಸ್ತೂಲು ನೋಡಿದ್ದೀರಿ. ಗುಜರಿ ಅಂಗಳದ ಪಿಸ್ತೂಲು? ಎಕ್ಸ್-ರೇ ಗನ್ ಅಂತಾರೆ. ತುಂಡಿನ ಮೇಲಿಟ್ಟು ಕುದುರೆ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಕ್ರೋಮಿಯಂ ಎಷ್ಟು, ನಿಕ್ಕಲ್ ಎಷ್ಟು, ತಾಮ್ರ ಎಷ್ಟು, ಎಲ್ಲ ಪರದೆಯ ಮೇಲೆ!

ಆದರೆ ಆ ಗನ್ನಿಗೆ ಒಂದು ಕುರುಡುತನ ಇದೆ. ಇಂಗಾಲ ಕಾಣಿಸೋದೇ ಇಲ್ಲ! ಮೆದು ಉಕ್ಕಿಗೂ ಬೀಡಿಗೂ ಇರೋ ದೊಡ್ಡ ವ್ಯತ್ಯಾಸವೇ ಇಂಗಾಲ. ಅಷ್ಟು ಹಗುರದ ಧಾತುವಿನಿಂದ ಬರೋ ಎಕ್ಸ್-ರೇ ತೀರಾ ನಿಶ್ಶಕ್ತ, ಗನ್ನಿನ ಕಣ್ಣು ತಲುಪುವ ಮುಂಚೆಯೇ ಗಾಳಿಯಲ್ಲಿ ಕರಗಿಹೋಗುತ್ತೆ. ಅದಕ್ಕೇ ಈಗ ಲೇಸರ್ ಗನ್ ಬಂದಿದೆ. ಅದು ಲೋಹದ ಒಂದು ಕಣವನ್ನು ಸುಟ್ಟು, ಆ ಕಿಡಿಯ ಬೆಳಕಿನಲ್ಲಿ ಇಂಗಾಲವನ್ನೂ ಹಿಡಿಯುತ್ತೆ.

ಇಷ್ಟೆಲ್ಲ ತಪಾಸಣೆ ಯಾಕೆ? ತಾಮ್ರದ ಭಯ! ಉಕ್ಕಿಗೆ ಒಮ್ಮೆ ತಾಮ್ರ ಬೆರೆತರೆ ಮುಗಿಯಿತು, ಮಾಮೂಲಿ ಕುಲುಮೆಯಲ್ಲಿ ಅದನ್ನು ತೆಗೆಯೋಕಾಗಲ್ಲ. ಗಂಧಕ, ರಂಜಕ, ಸಿಲಿಕಾನ್ ಎಲ್ಲವನ್ನೂ ಓಡಿಸಬಹುದು. ತಾಮ್ರ, ತವರ ಮಾತ್ರ ಹಠ ಹಿಡಿದು ಕೂರುತ್ತವೆ. ಒಂದು ಮೋಟರಿನ ವೈಂಡಿಂಗ್ ತಪ್ಪಿ ಒಳಗೆ ಹೋದರೆ, ಕಾದ ಉಕ್ಕನ್ನು ಬಡಿಯುವಾಗ ಮೇಲ್ಮೈ ಬಿರುಕು ಬಿಡುತ್ತೆ. ಕರಗಿಸಿದ ಮೇಲೆ ಅಳುವುದಕ್ಕಿಂತ ಕರಗಿಸುವ ಮೊದಲೇ ಆರಿಸುವುದು ಲೇಸು!

ಈಗ ಹೇಳೋದು ನನಗೆ ಬಹಳ ಇಷ್ಟದ ಸಂಗತಿ. ಫೌಂಡ್ರಿಯಲ್ಲಿ, ಅಂದರೆ ಎರಕದ ಮನೆಯಲ್ಲಿ, ಸ್ಪೆಕ್ಟ್ರೋಮೀಟರ್ ಅಂತ ಒಂದು ಯಂತ್ರ. ಕರಗಿದ ಲೋಹದಿಂದ ಒಂದು ಚಿಕ್ಕ ಬಿಲ್ಲೆ ಎರೆದು ಅದರ ಮೇಲಿಟ್ಟರೆ, ಚಟಪಟ ಕಿಡಿ ಹಾರುತ್ತೆ. ಪ್ರತಿ ಧಾತುವಿಗೂ ತನ್ನದೇ ಬಣ್ಣದ ಗೆರೆ. ಒಂದು ನಿಮಿಷದೊಳಗೆ ಹತ್ತಾರು ಧಾತುಗಳ ಲೆಕ್ಕ ಪರದೆಗೆ ಬರುತ್ತೆ. ಇದೇ ಬಣ್ಣದ ಗೆರೆಗಳ ಉಪಾಯದಿಂದ 1868ರ ಆಗಸ್ಟ್ 18ರ ಗ್ರಹಣದಲ್ಲಿ ಸೂರ್ಯನನ್ನೇ ಓದಿದರು! ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ನಿಂತಿದ್ದರು. ಹೀಲಿಯಂ ಕಥೆ ಶುರುವಾಗೋದೇ ಆ ಗ್ರಹಣದಿಂದ. ಇನ್ನೊಬ್ಬ, ಜಾನ್ ಹರ್ಷೆಲ್ ಅನ್ನೋ ಲೆಫ್ಟಿನೆಂಟ್, ಅದೇ ದಿನ ಅದೇ ಕೆಲಸಕ್ಕೆ ದೂರದರ್ಶಕ ಹೂಡಿದ್ದು ಎಲ್ಲಿ? ನಮ್ಮ ಜಮಖಂಡಿಯಲ್ಲಿ! ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಅವನು. ಸೂರ್ಯನ ಜಾತಕ ಬರೆದ ವಿದ್ಯೆಯೇ ಇವತ್ತು ಮುರಿದ ಪಂಪ್‌ಸೆಟ್ಟಿನ ಜಾತಕ ಬರೆಯುತ್ತಿದೆ.

ಸ್ಪೆಕ್ಟ್ರೋಮೀಟರ್ ದುಬಾರಿ, ನಮಗಾಗಲ್ಲ ಅನ್ನೋ ಫೌಂಡ್ರಿಗೆ ಒಂದು ಪುಟ್ಟ ಮರಳಿನ ಬಟ್ಟಲು ಇದೆ. ಕರಗಿದ ಬೀಡನ್ನು ಅದಕ್ಕೆ ಸುರಿದರೆ ಸಾಕು. ಒಳಗಿನ ತಂತಿ ಅದು ಹೇಗೆ ಆರುತ್ತೆ ಅನ್ನೋದನ್ನು ಬರೆದುಕೊಳ್ಳುತ್ತೆ. ಆರುವ ಗತಿ ನೋಡಿಯೇ ಕಂಪ್ಯೂಟರ್ ಇಂಗಾಲದ ಪ್ರಮಾಣ ಹೇಳುತ್ತೆ! ಬಟ್ಟಲಿನೊಳಗೆ ಒಂಚೂರು ಟೆಲ್ಯೂರಿಯಂ ಬಳಿದಿರುತ್ತಾರೆ. ಟೆಲ್ಯೂರಿಯಂ ಚಿನ್ನದ ಅದಿರಿನಲ್ಲೂ ಸಿಗುವ ಅಪರೂಪದ ಧಾತು. ಇಲ್ಲಿ ಒಂದೇ ಸಲ ಬಳಸಿ ಬಿಸಾಕುವ ಬಟ್ಟಲಿನಲ್ಲಿ!

ಯಾವ ಗುಜರಿ ಎಷ್ಟು ಕಿಲೋ ಹಾಕಿದರೆ ಖರ್ಚು ಕಡಿಮೆ, ಆದರೂ ಎರಕ ಸರಿ? ಹಿಂದೆ ಮೇಸ್ತ್ರಿಯ ಕಣ್ಣಂದಾಜು. ಈಗ ಗುಂಡಿ ಒತ್ತಿದರೆ ಉತ್ತರ. ಈ ಗಣಿತಕ್ಕೆ ಬೀಜ ಬಿದ್ದದ್ದು 1939ರಲ್ಲಿ, ರಷ್ಯಾದ ಪ್ಲೈವುಡ್ ತಯಾರಕರು ಕೇಳಿದ ಒಂದು ಪ್ರಶ್ನೆಯಿಂದ. ಉತ್ತರ ಕೊಟ್ಟ ಕಾಂಟೊರೊವಿಚ್‌ಗೆ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು! ಅದೇ ಲೆಕ್ಕ ಈಗ ತುಕ್ಕು ಕಬ್ಬಿಣ ತೂಗುತ್ತಿದೆ.

ಇಂಡಕ್ಷನ್ ಕುಲುಮೆಯಲ್ಲಿ ಬೆಂಕಿಯೇ ಇಲ್ಲ ಗೊತ್ತೇ? ಸುತ್ತ ತಾಮ್ರದ ಸುರುಳಿ, ನಡುವೆ ಕಬ್ಬಿಣ. ಸುರುಳಿಯಲ್ಲಿ ವಿದ್ಯುತ್ ಹರಿದರೆ ಒಳಗಿನ ಕಬ್ಬಿಣ ತಾನೇ ಕಾದು ಕರಗಿ, ಯಾರೂ ಕೈಯಾಡಿಸದೆ ತನ್ನಷ್ಟಕ್ಕೆ ಕಲಸಿಕೊಳ್ಳುತ್ತೆ.

ತಾಮ್ರ ಕರಗುವುದು 1,085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಳಗಿನ ಕಬ್ಬಿಣ 1,400 ದಾಟಿರುತ್ತೆ. ಎರಡರ ನಡುವೆ ಕೆಲವೇ ಅಂಗುಲದ ಮಣ್ಣಿನ ಗೋಡೆ! ಆದರೂ ತಾಮ್ರ ಕರಗಲ್ಲ. ಯಾಕಂದರೆ ಆ ಸುರುಳಿ ಟೊಳ್ಳು, ಅದರೊಳಗೆ ತಣ್ಣೀರು ಹರಿಯುತ್ತಿರುತ್ತೆ. ಗೋಡೆ ಬಿರುಕು ಬಿಟ್ಟು ಕಬ್ಬಿಣ ಒಂದು ನಾಲಿಗೆ ಚಾಚಿದರೂ ಅನಾಹುತ. ಅದಕ್ಕೆ ಒಂದು ಎಲೆಕ್ಟ್ರಾನಿಕ್ ಕಾವಲುಗಾರ ಹಗಲೂ ರಾತ್ರಿ ವಿದ್ಯುತ್ ಸೋರಿಕೆಯನ್ನು ಅಳೆಯುತ್ತ ಕೂತಿರುತ್ತೆ. ಸೋರಿಕೆ ಏರಿತೋ, ಕುಲುಮೆ ತಾನೇ ಬಂದ್!

ಒಂದು ಟನ್ ಬೀಡು ಕರಗಿಸಲು ಎಷ್ಟು ಕರೆಂಟು ಬೇಕು? ಸುಮಾರು 600 ಯೂನಿಟ್. ಮನೆಗಳಿಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆಯ ತಿಂಗಳ ಮಿತಿ 200. ಅಂದರೆ ಒಂದು ಮನೆಯ ಮೂರು ತಿಂಗಳ ಪೂರ್ತಿ ಪಾಲು, ಒಂದೇ ಟನ್ನಿಗೆ ಸ್ವಾಹಾ! ಮುಚ್ಚಳ ಎಷ್ಟು ಹೊತ್ತು ತೆರೆದಿತ್ತು, ಕರಗಿದ ಲೋಹ ಎಷ್ಟು ಹೊತ್ತು ಸುಮ್ಮನೆ ಕಾಯುತ್ತಿತ್ತು, ರಾತ್ರಿಯ ಅಗ್ಗದ ದರ ಯಾವಾಗ ಶುರು, ಎಲ್ಲದರ ಮೇಲೂ ಈಗ ಸ್ಮಾರ್ಟ್ ಮೀಟರಿನ ಕಣ್ಣು.

ಗುಜರಿಯಲ್ಲಿ ಒಂದು ಲೋಟ ನೀರು ಅಡಗಿದ್ದರೂ ಅಪಾಯ. ನೀರು ಹಬೆಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತೆ! ಮಳೆಗಾಲದಲ್ಲಿ ನೆನೆದ ಗುಜರಿ, ಬಾಯಿ ಮುಚ್ಚಿದ ಡಬ್ಬ, ಹಳೇ ಶಾಕ್ ಅಬ್ಸಾರ್ಬರ್ ಕಂಡರೆ ಕುಲುಮೆಯವರು ಬೆಚ್ಚುವುದು ಅದಕ್ಕೇ. ಮೊದಲು ಒಣಗಿಸು, ಆಮೇಲೆ ಹಾಕು.

ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಕಣ್ಣಿಗೆ ಕಾಣದ್ದು. ಮೆಕ್ಸಿಕೋದ ಸಿಯುದಾದ್ ಹುಆರೆಸ್‌ನಲ್ಲಿ 1983ರಲ್ಲಿ ಆಸ್ಪತ್ರೆಯ ಹಳೇ ವಿಕಿರಣ ಯಂತ್ರವೊಂದು ಗುಜರಿಗೆ ಹೋಯಿತು. ಅದರೊಳಗಿದ್ದ ಸುಮಾರು 6,000 ಕೋಬಾಲ್ಟ್-60 ಕಾಳುಗಳು ಚೆಲ್ಲಾಪಿಲ್ಲಿಯಾಗಿ, ಗುಜರಿಯ ಜೊತೆ ಕರಗಿ, ಮನೆ ಕಟ್ಟುವ ಕಂಬಿಯಾದವು, ಮೇಜಿನ ಕಾಲಾದವು. ಯಾರಿಗೂ ಸುಳಿವಿಲ್ಲ! 1984ರ ಜನವರಿಯಲ್ಲಿ ಆ ಕಂಬಿ ಹೊತ್ತ ಲಾರಿಯೊಂದು ಅಮೆರಿಕದಲ್ಲಿ ದಾರಿ ತಪ್ಪಿತು. ತಪ್ಪಿ ಬಂದದ್ದು ಎಲ್ಲಿಗೆ? ಅಣುಬಾಂಬು ಹುಟ್ಟಿದ ಲಾಸ್ ಅಲಾಮೋಸ್ ಪ್ರಯೋಗಾಲಯದ ಬಾಗಿಲಿಗೆ! ಅಲ್ಲಿನ ವಿಕಿರಣದ ಗಂಟೆ ಬಡಿದುಕೊಂಡಿತು. ಲಾರಿ ಸರಿ ದಾರಿಯಲ್ಲಿ ಹೋಗಿದ್ದರೆ ಗುಟ್ಟು ಇನ್ನೆಷ್ಟು ದಿನ ಉಳಿಯುತ್ತಿತ್ತೋ.

ನಮ್ಮಲ್ಲೂ ಆಗಿದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಹಳೇ ಗಾಮಾ ಯಂತ್ರ ಹರಾಜಾಗಿ ಮಾಯಾಪುರಿಯ ಗುಜರಿ ಬೀದಿ ಸೇರಿತು. ಅದರಲ್ಲಿದ್ದದ್ದೂ ಕೋಬಾಲ್ಟ್-60. ಬಿಚ್ಚಿದವರು ಕಾಯಿಲೆ ಬಿದ್ದರು, ಒಬ್ಬ ಕಾರ್ಮಿಕ ಜೀವ ಕಳೆದುಕೊಂಡ. ಅದಕ್ಕೂ ಎರಡು ವರ್ಷ ಮುಂಚೆ, 2008ರಲ್ಲಿ, ಫ್ರಾನ್ಸಿನ ಲಿಫ್ಟ್ ಗುಂಡಿಗಳಲ್ಲಿ ವಿಕಿರಣ ಸಿಕ್ಕಿತ್ತು. ಲೋಹ ಹೋಗಿದ್ದು ಭಾರತದಿಂದ! ಈಗ ದೊಡ್ಡ ಬಂದರು, ಕಾರ್ಖಾನೆಗಳ ಗೇಟಿನಲ್ಲಿ ಎರಡು ಕಂಬ ನಿಂತಿರುತ್ತವೆ. ಗುಜರಿ ಲಾರಿ ಅವುಗಳ ನಡುವೆ ಹಾದು ಹೋದರೆ ಸಾಕು, ವಿಕಿರಣ ಇದ್ದರೆ ಕೂಗಿ ಹೇಳುತ್ತವೆ.

ಬೀಡು ಕಬ್ಬಿಣ ಬಿದ್ದರೆ ಒಡೆಯುತ್ತೆ. ಅದಕ್ಕೆ ನೂರಕ್ಕೆ 0.04ರಷ್ಟು ಮೆಗ್ನೀಸಿಯಂ ಉಳಿಯುವಂತೆ ಮಾಡಿ, ಬಾಗುತ್ತೆ ವಿನಾ ಒಡೆಯಲ್ಲ! ಒಳಗಿನ ಇಂಗಾಲ ಚಕ್ಕೆ ಬಿಟ್ಟು ಗುಂಡಾಗುತ್ತೆ, ಅಷ್ಟೇ ಗುಟ್ಟು. ಆದರೆ ಮೆಗ್ನೀಸಿಯಂ ನಿಲ್ಲೋ ಗಿರಾಕಿಯಲ್ಲ, ನಿಮಿಷಗಳಲ್ಲಿ ಹಾರಿಹೋಗುತ್ತೆ. ಆದ್ದರಿಂದ ಬೆರೆಸಿದ ಕ್ಷಣದಿಂದ ಗೋಡೆಯ ಮೇಲೆ ಡಿಜಿಟಲ್ ಗಡಿಯಾರ ಹಿಂದಕ್ಕೆ ಎಣಿಸತೊಡಗುತ್ತೆ. ಸೊನ್ನೆ ಬಂತೋ, ಎರೆಯುವಂತಿಲ್ಲ.

ಗುಂಡಾಯಿತೋ ಇಲ್ಲವೋ ಅಂತ ಒಡೆಯದೆ ತಿಳಿಯೋದು ಹೇಗೆ? ತಟ್ಟಿ ಕೇಳಿ! ಬೀಡಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 4,500 ಮೀಟರ್ ಓಡಿದರೆ, ಗುಂಡು ಇಂಗಾಲದ ಕಬ್ಬಿಣದಲ್ಲಿ 5,600. ಕಂಪ್ಯೂಟರ್ ಒಂದು ಟಣ್ ಕೇಳಿಸಿಕೊಂಡು ಪಾಸೋ ಫೇಲೋ ಹೇಳಿಬಿಡುತ್ತೆ. ವಿಜಯ ವಿಠ್ಠಲ ದೇಗುಲದ ಸಂಗೀತ ಕಂಬ ತಟ್ಟೋಕೆ ಈಗ ಬಿಡೋದಿಲ್ಲ, ಇಲ್ಲಿ ಮಾತ್ರ ತಟ್ಟೋದೇ ನೌಕರಿ.

ಭಾರತ ಎರಕದಲ್ಲಿ ಜಗತ್ತಿಗೇ ಎರಡನೆಯದು, ಚೀನಾ ಬಿಟ್ಟರೆ ನಾವೇ! ದೇಶದಲ್ಲಿ ಸುಮಾರು 5,000 ಫೌಂಡ್ರಿಗಳು. ಹೆಚ್ಚಿನವು ಸಣ್ಣವು. ನಮ್ಮ ಬೆಳಗಾವಿಯ ಉದ್ಯಮಬಾಗ್‌ಗೆ ಹೋದರೆ ಸಾಲು ಸಾಲು ಸಿಗುತ್ತವೆ, ಶಿವಮೊಗ್ಗದಲ್ಲೂ ಇವೆ.

ಬೆಳಗಾವಿಯಲ್ಲಿ ಇನ್ನೊಂದು ಮಜಾ. ಅಲ್ಲಿ ಲೋಹದ ಜೊತೆ ಮರಳಿಗೂ ಪುನರ್ಜನ್ಮ! ಅಚ್ಚಿಗೆ ಬಳಸಿ ಸುಟ್ಟ ಮರಳನ್ನು ಫೌಂಡ್ರಿ ಕ್ಲಸ್ಟರ್‌ನವರು ಶುದ್ಧ ಮಾಡಿ ಮತ್ತೆ ಬಳಕೆಗೆ ಕೊಡುತ್ತಾರೆ. ಹಸಿ ಮರಳಿನ ಅಚ್ಚಿನಲ್ಲಿ ತೇವ ನೂರಕ್ಕೆ ಮೂರು-ನಾಲ್ಕು ಇದ್ದರೆ ಸರಿ. ಅದಕ್ಕಿಂತ ಒಂದು ಹೆಚ್ಚಾದರೆ ಎರಕದಲ್ಲಿ ಗಾಳಿಗುಳ್ಳೆ, ಒಂದು ಕಡಿಮೆಯಾದರೆ ಅಚ್ಚು ಪುಡಿಪುಡಿ. ಹಳೇ ಮೇಸ್ತ್ರಿಗಳು ಮುಷ್ಟಿಯಲ್ಲಿ ಹಿಚುಕಿ ಹೇಳುತ್ತಿದ್ದರು. ಈಗ ಸೆನ್ಸರ್ ಹೇಳುತ್ತೆ. ಮೇಸ್ತ್ರಿಗಳು ಆಮೇಲೂ ಒಮ್ಮೆ ಹಿಚುಕಿಯೇ ನೋಡುತ್ತಾರೆ, ಬಿಡಿ!

ಎರೆದ ಲೋಹವೆಲ್ಲ ವಸ್ತುವಾಗುತ್ತೆ ಅಂದುಕೊಂಡಿರಾ? ಇಲ್ಲವೇ ಇಲ್ಲ. ಲೋಹ ಹರಿದು ಬಂದ ಕಾಲುವೆ, ಮೇಲೆ ನಿಂತ ದಿಬ್ಬ ಎಲ್ಲ ಕತ್ತರಿಸಿ ಮತ್ತೆ ಕುಲುಮೆಗೇ. ಸಾಮಾನ್ಯವಾಗಿ ಮೂರನೇ ಒಂದು ಪಾಲು ಹೀಗೆ ವಾಪಸು! ಲೋಹ ಉಳಿಯುತ್ತೆ ನಿಜ, ಅದನ್ನು ಕರಗಿಸಿದ ಕರೆಂಟು ಉಳಿಯುತ್ತದೆಯೇ? ನನ್ನ ಕೇಳಿದರೆ ಫೌಂಡ್ರಿಯ ಅತಿ ದೊಡ್ಡ ಸೋರಿಕೆ ಇದೇ.

ಆ ಸೋರಿಕೆ ತಡೆಯೋಕೆ ಹುಟ್ಟಿದ್ದು ಸಿಮ್ಯುಲೇಷನ್. ಒಂದು ಹನಿ ಲೋಹವನ್ನೂ ಕರಗಿಸದೆ, ಪರದೆಯ ಮೇಲೆಯೇ ಎರೆದು, ಎಲ್ಲಿ ಮೊದಲು ಆರುತ್ತೆ, ಎಲ್ಲಿ ಟೊಳ್ಳು ಬೀಳುತ್ತೆ ನೋಡಿಬಿಡಬಹುದು! ಇದಕ್ಕೆ ನಮ್ಮದೇ ತಂತ್ರಾಂಶ ಇದೆ, ಆಟೋಕಾಸ್ಟ್. ಮುಂಬೈ ಐಐಟಿಯಲ್ಲಿ ಪ್ರೊಫೆಸರ್ ಬಿ. ರವಿ ಬೆಳೆಸಿದ್ದು. ಸಣ್ಣ ಫೌಂಡ್ರಿಯವರೂ ಕಲಿಯಲಿ ಅಂತ ಇ-ಫೌಂಡ್ರಿ ಅನ್ನೋ ಉಚಿತ ಆನ್‌ಲೈನ್ ಪಾಠಶಾಲೆಯನ್ನೂ ತೆರೆದರು. ಅವರೇ 2022ರಲ್ಲಿ ಸುರತ್ಕಲ್ಲಿನ ಎನ್‌ಐಟಿಕೆಗೆ ನಿರ್ದೇಶಕರಾಗಿ ಬಂದರು!

ಮರಳನ್ನೂ ಪ್ರಿಂಟ್ ಮಾಡುತ್ತಾರೆ, ಕೇಳಿದ್ದೀರಾ? ತೆಳ್ಳಗೆ ಒಂದು ಪದರ ಮರಳು, ಬೇಕಾದ ಕಡೆ ಮಾತ್ರ ಅಂಟು. ಮತ್ತೆ ಮರಳು, ಮತ್ತೆ ಅಂಟು. ಒಂದೊಂದು ಪದರ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಕೊನೆಗೆ ಅಚ್ಚೇ ಎದ್ದು ಬರುತ್ತೆ! ಮರದ ಮಾದರಿ ಬೇಡ, ಅದನ್ನು ಕೆತ್ತುವ ಬಡಗಿಗೆ ವಾರಗಟ್ಟಲೆ ಕಾಯೋದೂ ಬೇಡ. ಮೂಲ ಭಾಗ ಎಲ್ಲೂ ಸಿಗದ ಹಳೇ ಯಂತ್ರಕ್ಕೆ ಒಂದೇ ಒಂದು ಬಿಡಿಭಾಗ ಬೇಕಾದಾಗ ಇದು ವರ.

ಆ ಬಡಗಿಯ ಹತ್ತಿರ ಒಂದು ವಿಚಿತ್ರ ಅಳತೆಪಟ್ಟಿ ಇರುತ್ತಿತ್ತು. ಬೇಕೆಂದೇ ಸುಳ್ಳು ಹೇಳುವ ಪಟ್ಟಿ! ಬೀಡು ಆರಿದಾಗ ನೂರಕ್ಕೆ ಒಂದು ಪಾಲು ಕುಗ್ಗುತ್ತೆ. ಅದಕ್ಕೆ ಆ ಪಟ್ಟಿಯ ಒಂದು ಅಡಿ ನಿಜವಾದ ಅಡಿಗಿಂತ ನೂರಕ್ಕೆ ಒಂದು ಉದ್ದ. ಹಿತ್ತಾಳೆಗೆ ಬೇರೆ ಪಟ್ಟಿ, ಉಕ್ಕಿಗೆ ಇನ್ನೂ ಉದ್ದದ ಪಟ್ಟಿ. ಈಗ ಆ ಸುಳ್ಳನ್ನು ಕಂಪ್ಯೂಟರಿಗೆ ಕಲಿಸಿದ್ದಾರೆ. ಯಾವ ಲೋಹ ಅಂತ ಆರಿಸಿದರೆ ಸಾಕು, ಇಡೀ ನಕ್ಷೆಯನ್ನು ಅದೇ ಹಿಗ್ಗಿಸಿಕೊಳ್ಳುತ್ತೆ. ಬಡಗಿಯ ಪಟ್ಟಿ ಎಲ್ಲಿ ಹೋಯಿತು ಅಂತೀರಾ? ಉಕ್ಕಿನದಾಗಿದ್ದರೆ, ಗುಜರಿಗೆ!